ಆ ಹೋರಿ ಮೇಲಿನ ನೊಣ ನೋಡಿದ್ಯಾ?

ಮಗೂ,

ಡಚ್ ಚಿತ್ರಗಳಲ್ಲಿರೋ ಹಸುಗಳ ಬಗ್ಗೆ ನೀನು ಬರೆದ ಲೇಖನ ಎರಡು ಸಲ ಓದ್ದೆ. ಕೊನೇಲಿ "ಬರೆಯೋದೇ ಬಿಟ್ಬಿಡ್ಲಾ ಮೇಷ್ಟ್ರೇ" ಅಂತ ಕೇಳಿದ್ದೀಯಲ್ಲ, ಅದು ಓದಿ ನಿದ್ದೆ ಬರ್ಲಿಲ್ಲ. ಬಿಡ್ಬೇಡ. ಕಾಗುಣಿತ, ಪ್ಯಾರಾಗ್ರಾಫು ಯಾರಾದ್ರೂ ತಿದ್ತಾರೆ, ನಂಗೆ ಸಿಟ್ಟು ಬಂದಿದ್ದು ಒಂದೇ ಮಾತಿಗೆ: ಡಚ್ ಚಿತ್ರಕಾರ ಪೌಲುಸ್ ಪಾಟರ್ 1647ರಲ್ಲಿ ಚಿತ್ರಿಸಿದ ಹೋರಿ "ಕಪ್ಪು ಬಿಳುಪಿನದು" ಅಂದಿದ್ದೀಯ. ಅದು ಕಂದು ಕಣಮ್ಮ, ಜೊತೆಗೆ ಬಿಳಿ. ನಿಮ್ಮ ಕೊಟ್ಟಿಗೆಯ ಕಪ್ಪು ಬಿಳುಪಿನ ಎಚ್ಚೆಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಹಸುವಿನ ತಳಿ ಆ ಕಡೆಯಿಂದಲೇ ಬಂದಿದ್ದು ನಿಜ, ಆದ್ರೆ ಅದನ್ನೇ ನೆನೆಸ್ಕೊಂಡು ಬರ್ದಿದ್ದೀಯ, ಚಿತ್ರ ನೋಡೇ ಇಲ್ಲ.

ನೆದರ್‌ಲೆಂಡ್ಸ್‌ನ ಹೇಗ್ ಊರಿನ ಮೌರಿಟ್ಸ್‌ಹೌಸ್ ಮ್ಯೂಸಿಯಮ್ಮಲ್ಲಿರೋ ಆ ಕ್ಯಾನ್‌ವಾಸು ಮೂರು ಮೀಟರಿಗಿಂತ ಅಗಲ. ದೇವರು ದೊರೆಗಳಿಗೆ ಮೀಸಲಾದ ಅಳತೆಯನ್ನ ಇಪ್ಪತ್ತೊಂದು-ಇಪ್ಪತ್ತೆರಡರ ಹುಡುಗ ಒಂದು ಹೋರಿಗೆ ಕೊಟ್ಟ, ಮೈಮೇಲಿನ ನೊಣಾನೂ ಬಿಡ್ಲಿಲ್ಲ. ಬೇರೆ ಬೇರೆ ವಯಸ್ಸಿನ ದನಗಳ ಅಂಗ ಸೇರಿಸಿ ಬರ್ದಿದ್ದಾನೆ ಅಂತ ಈಗ ತಿಳಿದೋರು ಹೇಳ್ತಾರೆ, ಅದಕ್ಕೆ ನಂಗೆ ಬೇಜಾರಿಲ್ಲ, ಗಂಗೆದೊಗಲಿನ ಒಂದೊಂದು ಮಡಿಕೆನೂ ಅವನು ಹೊಲದಲ್ಲಿ ನಿಂತು ನೋಡಿದ್ದೇ. ಅದೇ ಕಾಲದ ಇನ್ನೊಬ್ಬ ಡಚ್ ಚಿತ್ರಕಾರ ಅಡ್ರಿಯಾನ್ ಫಾನ್ ಡೆ ಫೆಲ್ಡೆ ಕೂಡ ಕೆಂಪು ಸೀಮೆಸುಣ್ಣ ಹಿಡ್ಕೊಂಡು ದನಗಳ ಮುಂದೆ ಕೂತೋನೇ.

ಆದ್ರೆ ಇಂಥ ಚಿತ್ರಗಳನ್ನ ಕೊಳ್ತಿದ್ದೋರು ಹೆಚ್ಚಾಗಿ ಊರೊಳಗಿನ ಹಣವಂತರು. 1612ರಲ್ಲಿ ಬೇಮ್‌ಸ್ಟರ್ ಸರೋವರ ಬತ್ತಿಸಿ ಹುಲ್ಲುಗಾವಲು ಮಾಡಿದ್ದು ಆಮ್‌ಸ್ಟರ್‌ಡ್ಯಾಮ್ ವ್ಯಾಪಾರಿಗಳ ದುಡ್ಡಲ್ಲಿ, ಕೊಬ್ಬಿದ ಹಸು ಅಂದ್ರೆ ಬೆಣ್ಣೆ, ಚೀಸು, ದೇಶದ ಐಶ್ವರ್ಯ. ಹಾಲು ಕರೆದ ಕೈ? ನಂಗೆ ಮೂವತ್ತು ವರ್ಷದಿಂದ ಚುಚ್ತಿರೋದು ಇದೇ. ಲುಕಾಸ್ ಫಾನ್ ಲೈಡನ್ ಅನ್ನೋ ಕಲಾವಿದ 1510ರಲ್ಲಿ ತಾಮ್ರದ ತಗಡಲ್ಲಿ ಕೊರೆದು ತೆಗೆದ ಪ್ರಿಂಟಲ್ಲಿ ಹಸು ಪಕ್ಕ ಪಾತ್ರೆ ಹಿಡಿದು ನಿಂತಿರೋ ಹುಡುಗಿ ಬಗ್ಗೆ ಒಂದು ಪ್ಯಾರಾ ಬರ್ದಿದ್ದೆ, "ಕಲೆ ಬಗ್ಗೆ ಬರೀರಿ, ಸಗಣಿ ಯಾಕೆ" ಅಂತ ಒಬ್ಬ ಸಂಪಾದಕರು ಅಂದ್ರು, ಅಳಿಸ್ದೆ. ಲೇಖನಾನ ಎಲ್ರೂ ಹೊಗಳಿದ್ರು, ನಾನು ಖುಷಿಪಟ್ಟೆ. ಆ ಖುಷಿಗೆ ಈಗ್ಲೂ ನಾಚಿಕೆ ಆಗತ್ತೆ.

ಇನ್ನೊಂದು ನೋಡು, ರೆಂಬ್ರಾಂಟ್ 1643ರಲ್ಲಿ ಎಚಿಂಗ್ (ತಗಡಿನ ಮೇಲೆ ಆಸಿಡ್ಡಿಂದ ಗೆರೆ ಕೊರೆದು ತೆಗೆದ ಅಚ್ಚು) ಮಾಡಿದ ಹಂದಿ. ಕಾಲು ಕಟ್ಟಿದ್ದಾರೆ, ಕಡಿಯೋಕೆ. ರೋಮ ಒಂದೊಂದೂ ಗಟ್ಟಿಯಾಗಿ ಬಂದಿದೆ, ಹಂದಿ ಹಿಂದೆ ಇರೋ ಜನ ಮಾತ್ರ ತೆಳು ಗೆರೆ. ಯಾರ ಕಡೆ ಜಾಸ್ತಿ ಹೊತ್ತು ಕೂತಿದ್ದ ಅಂತ ಹೇಳ್ಬೇಕಿಲ್ಲ.

ನಿಮ್ಮಮ್ಮ ಬೆಳಗಿನ ಜಾವ ಐದಕ್ಕೆ ಹಾಲು ಕರೀತಾರೆ, ಚಳೀಲಿ ಬೆರಳು ಸೆಟೆದುಹೋಗತ್ತೆ ಅಂತ ಪತ್ರದಲ್ಲಿ ಬರ್ದಿದ್ದೀಯ. ಆ ಬೆರಳು ಗೊತ್ತಿರೋಳು ಲುಕಾಸ್‌ನ ಹುಡುಗಿ ಬಗ್ಗೆ ಒಂದು ಸಾಲೂ ಬರೀಲಿಲ್ವಲ್ಲೇ! "ಅದ್ಭುತ" ಅನ್ನೋ ಪದ ಏಳು ಸಲ ಇದೆ, ಎಲ್ಲಾ ಹೊಡೆದುಹಾಕು. ಪ್ರಿಂಟು ದೊಡ್ಡದು ಮಾಡ್ಕೊಂಡು ಅವಳ ಕೈ ನೋಡಿ ಬರ್ದು ಕಳ್ಸು, ಕಾಯ್ತಿರ್ತೀನಿ.

ನಿನ್ನ ಮೇಷ್ಟ್ರು