ಮಗಳಿಗೆ ಮೀನು ತೋರಿಸಿದ ಡಾಕ್ಟರಮ್ಮನಿಗೆ

ದಾವಣಗೆರೆಯ ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಮಗಳ ಹುಳುಕುಹಲ್ಲು ತುಂಬುವಾಗ ಪಕ್ಕದಲ್ಲಿದ್ದ ಡಾಕ್ಟರಮ್ಮಾ, ನಿಮ್ಮ ಹೆಸರು ಗೊತ್ತಿಲ್ಲ. ಡ್ರಿಲ್ ಸದ್ದಿಗೇ ಅವಳು ನನ್ನ ಸೆರಗು ಬಿಡುತ್ತಿರಲಿಲ್ಲ. ನೀವು ಗದರಲಿಲ್ಲ. ಹಾಕಿಕೊಂಡರೆ ಸುತ್ತಲೂ ಬೇರೆಯದೇ ಲೋಕ ಕಾಣಿಸುವ ವಿಆರ್ ಕನ್ನಡಕವನ್ನು ಮೊದಲು ಅವಳ ಕೈಗೇ ಕೊಟ್ಟಿರಿ. "ಬೇಡ ಅನಿಸಿದ್ರೆ ಎಡಗೈ ಎತ್ತು ಪುಟ್ಟಿ, ನಿಲ್ಲಿಸ್ತೀವಿ" ಅಂದಿರಿ. ಜಡೆ ಸಿಕ್ಕಿಕೊಳ್ಳದ ಹಾಗೆ ಪಟ್ಟಿ ಸರಿಮಾಡಿದಿರಿ. ಸಮುದ್ರದ ಮೀನು ಎಣಿಸುತ್ತಿದ್ದವಳಿಗೆ ಸೂಜಿ ಚುಚ್ಚಿದಾಗ ಕಾಲ್ಬೆರಳು ಮುದುರಿತು, ಅಷ್ಟೇ!

ಈ ಕನ್ನಡಕ ಜೋಮು ಹಿಡಿಸೋ ಇಂಜೆಕ್ಷನ್‌ಗೆ ಬದಲಿ ಅಲ್ಲ, ಜೊತೆಗೆ. ಗಮನ ಬೇರೆ ಕಡೆ ಹೋದರೆ ನೋವು ಕಮ್ಮಿ ಅನಿಸುತ್ತೆ ಅಂತ ನನಗೂ ಬಿಡಿಸಿ ಹೇಳಿದಿರಿ. ಅಮೆರಿಕದ ಸಿಯಾಟಲ್‌ನಲ್ಲಿ 1990ರ ದಶಕದಲ್ಲೇ ಸುಟ್ಟಗಾಯದವರಿಗೆ ಇದನ್ನು ಬಳಸಿದ್ದರಂತೆ.

ತುಂಬಾ ಉಪಕಾರವಾಯ್ತು. ಬಾಯಿ ಜೋಮು ಬಿಡೋವರೆಗೂ ಬೆಣ್ಣೆದೋಸೆ ಬೇಡ ಅಂದಿರಲ್ಲ, ಅದಕ್ಕೆ ಮಾತ್ರ ಅವಳಿಗೆ ನಿಮ್ಮ ಮೇಲೆ ಸಿಟ್ಟು.