ಮುದಿ ಸುಪಾರಿ ಕಿಲ್ಲರ್ ಕಡೆಯಿಂದ ಥ್ಯಾಂಕ್ಸ್

ಸಿನಿಮಾ ಬಿಡುಗಡೆಯಾಗಿದೆ. ಜನ ನಗಬೇಕಾದ ಕಡೆಯೇ ನಗುತ್ತಿದ್ದಾರೆ, ಅದೇ ದೊಡ್ಡ ಸಮಾಧಾನ. ಕೊನೆಯ ಸುಪಾರಿ ಮುಗಿಸಿ ನಿವೃತ್ತಿಯಾಗಲು ಹೊರಟ ಮುದುಕನ ಪಾತ್ರಕ್ಕೆ ಬರುವ ಹೊಗಳಿಕೆಯೆಲ್ಲ ನನ್ನ ಲೆಕ್ಕಕ್ಕೇ ಜಮಾ ಆಗುತ್ತಿದೆ. ಅದರಲ್ಲಿ ನನ್ನ ಪಾಲು ಎಷ್ಟು ಅಂತ ನನಗೆ ಗೊತ್ತು. ಉಳಿದದ್ದನ್ನು ವಾರಸುದಾರರಿಗೆ ಮುಟ್ಟಿಸಬೇಕಲ್ವಾ?

ಮೊದಲು ನನ್ನ ಡ್ಯೂಪ್. ಹುಡುಗನಿಗೆ ನನ್ನ ಅರ್ಧ ವಯಸ್ಸೂ ಇಲ್ಲ. ಮೆಟ್ಟಿಲಿಂದ ಉರುಳುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಕಷ್ಟವಾಗಿದ್ದು ಎದ್ದು ನಿಲ್ಲುವುದು. ಚಂಗನೆ ಎದ್ದುಬಿಡುತ್ತಿದ್ದ, ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು. ಆಮೇಲೆ ಅವನು ಸುಮ್ನೆ ಮೂಲೆಯಲ್ಲಿ ಕೂತು, ನಾನು ಕುರ್ಚಿಯಿಂದ ಏಳುವುದನ್ನು ನೋಡತೊಡಗಿದ. ನಾನು ಮೊದಲು ಎಡಗೈಯನ್ನು ತೊಡೆಗೆ ಊರುತ್ತೇನಂತೆ. ಅರ್ಧಕ್ಕೆ ಬಂದು ಒಂದು ಗಳಿಗೆ ನಿಲ್ಲುತ್ತೇನಂತೆ. ಆಮೇಲೆ ಬೆನ್ನು ನೆಟ್ಟಗಾಗುತ್ತದಂತೆ. ಇದು ನನಗೇ ಗೊತ್ತಿರಲಿಲ್ಲ! ಆ ಅರ್ಧಕ್ಕೆ ನಿಲ್ಲುವ ಗಳಿಗೆಗೇ ಥಿಯೇಟರಿನಲ್ಲಿ ನಗು ಏಳುತ್ತದೆ. ಕ್ಯಾಮೆರಾಗೆ ಬೆನ್ನು ಕೊಟ್ಟು ಅವನು ಮಾಡಿದ ನಟನೆ ಅದು.

ಫೈಟ್ ಮಾಸ್ಟರ್‌ಗೆ ಮತ್ತು ನನ್ನಿಂದ ಒದೆ ತಿಂದ ಎಲ್ಲ ಫೈಟರ್‌ಗಳಿಗೆ ನಮಸ್ಕಾರ. ಸಿನಿಮಾದ ಗುದ್ದು ಸಾಮಾನ್ಯವಾಗಿ ಮುಖಕ್ಕೆ ತಗಲುವುದೇ ಇಲ್ಲ. ಮುಷ್ಟಿ ದೂರದಲ್ಲೇ ಹಾದುಹೋಗುತ್ತದೆ, ಆ ಸಂದು ಕಾಣದ ಕೋನದಲ್ಲಿ ಕ್ಯಾಮೆರಾ ಇಡುತ್ತಾರೆ, 'ಧಡ್' ಅನ್ನುವ ಸದ್ದು ಆಮೇಲೆ ಸೇರುತ್ತದೆ. ಹೊಡೆಸಿಕೊಂಡವನು ಸರಿಯಾದ ಹೊತ್ತಿಗೆ ತಲೆ ತಿರುಗಿಸದಿದ್ದರೆ ನಾನು ಗಾಳಿಗೆ ಗುದ್ದಿದವನಾಗುತ್ತೇನೆ. ನೀವು ಚೆನ್ನಾಗಿ ಬಿದ್ದಿರಿ, ನಾನು ಹೀರೋ ಆದೆ. ಆಸ್ಕರ್‌ನವರು ಸ್ಟಂಟ್ ವಿನ್ಯಾಸಕ್ಕೆ ಅಂತ ಪ್ರತ್ಯೇಕ ಪ್ರಶಸ್ತಿ ಶುರು ಮಾಡುವುದೇ 2028ರ ನೂರನೇ ಸಮಾರಂಭದಿಂದ. ಇಷ್ಟು ವರ್ಷ ಏನು ಮಾಡುತ್ತಿದ್ದರೋ!

ಇನ್ನೊಬ್ಬರ ಹೆಸರು ಟೈಟಲ್ ಕಾರ್ಡ್‌ನಲ್ಲೂ ಇಲ್ಲ: ನನ್ನ ಕಣ್ಣಿನ ಡಾಕ್ಟರು. ಕಥೆಯಲ್ಲಿ ಮೊದಲು ಮುದುಕನ ಕೈ ನಡುಗುತ್ತಿತ್ತು. ಎಲ್ಲರೂ ಮಾಡುವ ಜೋಕು ಅದು. ಡಾಕ್ಟರ ಹತ್ತಿರ ಮಾತಿಗೆ ಹೇಳಿದೆ. ಅವರು, "ಕೈ ಬಿಡಿ ಸಾರ್, ನಲವತ್ತು ದಾಟಿದವನಿಗೆ ಕಣ್ಣೇ ಮೊದಲು ಕೈ ಕೊಡುತ್ತದೆ," ಅಂದರು. ಚಾಳೀಸು ಬಂದವನಿಗೆ ಪಿಸ್ತೂಲಿನ ತುದಿಯಲ್ಲಿರುವ ಗುರಿಮೊನೆ ಮಸುಕು, ಎದುರಿಗಿರುವ ಆಸಾಮಿ ಸ್ಪಷ್ಟ. ಓದುವ ಕನ್ನಡಕ ಹಾಕಿದರೆ ಮೊನೆ ಸ್ಪಷ್ಟ, ಆಸಾಮಿ ಮಸುಕು. ನಮ್ಮ ಬರಹಗಾರರು ಇದನ್ನು ಕೇಳಿ ಕುಣಿದಾಡಿಬಿಟ್ಟರು. ಕನ್ನಡಕ ಹಾಕಿ ತೆಗೆದು, ಹಾಕಿ ತೆಗೆದು ಮಾಡುವಷ್ಟರಲ್ಲಿ ವಿಲನ್ನೇ ತಾಳ್ಮೆ ಕಳೆದುಕೊಳ್ಳುವ ಸೀನ್ ಹುಟ್ಟಿದ್ದು ಹಾಗೆ.

ಆ ಸೀನನ್ನು ಎಲ್ಲೂ ಕತ್ತರಿಸದೆ, ಇಬ್ಬರೂ ಒಟ್ಟಿಗೆ ಕಾಣುವ ಒಂದೇ ಶಾಟ್‌ನಲ್ಲಿ ಬಿಟ್ಟ ಎಡಿಟರ್‌ಗೆ ಥ್ಯಾಂಕ್ಸ್. ನನ್ನ ಕ್ಲೋಸಪ್‌ಗೆ ಹೋಗಿದ್ದರೆ ಕಾಯುತ್ತ ನಿಂತ ವಿಲನ್ ಮುಖ ತಪ್ಪಿಹೋಗುತ್ತಿತ್ತು, ಅರ್ಧ ನಗು ಅಲ್ಲೇ ಇದೆ. ಕ್ಲೈಮ್ಯಾಕ್ಸಿನ ನನ್ನ ಉದ್ದನೆಯ ಡೈಲಾಗ್ ಹಾರಿಸಿದ್ದಕ್ಕೆ ಮಾತ್ರ ಇನ್ನೂ ಸ್ವಲ್ಪ ಸಿಟ್ಟಿದೆ.

ಸೆಟ್ಟಿನಲ್ಲಿ ಪ್ರತಿ ಟೇಕ್ ಮುಗಿದ ಕೂಡಲೇ ಕುರ್ಚಿ ಹಿಡಿದು ಓಡಿಬರುತ್ತಿದ್ದ ಸಹಾಯಕರಿಗೂ, ನೋಡಿ ನಕ್ಕು ಇನ್ನೊಬ್ಬರನ್ನು ಕರೆದುಕೊಂಡು ಹೋದ ಎಲ್ಲರಿಗೂ ವಂದನೆ. ಎರಡನೇ ಭಾಗ ಯಾವಾಗ ಅಂತ ಕೇಳುತ್ತಿರುವವರು ದಯವಿಟ್ಟು ನಿರ್ಮಾಪಕರನ್ನು ಕೇಳಿ. ನಾನು ಸದ್ಯಕ್ಕೆ ಮೊಣಕಾಲಿಗೆ ರಜೆ ಕೊಟ್ಟಿದ್ದೇನೆ.