ಆ ಪುಟಗಳೂ ಇರಲಿ, ನಮ್ಮ ಮಾತೂ ಇರಲಿ

ಮಹಾರಾಷ್ಟ್ರದ ಉನ್ನತ ಮತ್ತು ತಂತ್ರ ಶಿಕ್ಷಣ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳು ನಿಮ್ಮ ಇಲಾಖೆಗೆ ಬರುತ್ತವೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಇದರ ಮರಾಠಿ ಪ್ರತಿಯನ್ನೂ ಅಂಚೆಗೆ ಹಾಕಿದ್ದೇನೆ.

ನಮ್ಮ ಹಿರಿಯರು ವಿಜಯಪುರದ ಕಡೆಯ ಕೊರವರು. ಬುಟ್ಟಿ ಹೆಣೆಯುವುದು ಕಸುಬು. ಇಲ್ಲಿ ನಮ್ಮನ್ನು ಕೈಕಾಡಿ ಅನ್ನುತ್ತಾರೆ. ಹೋದ ತಿಂಗಳು ಮಗಳ ಕಾಲೇಜು ಪ್ರಾಜೆಕ್ಟಿಗಾಗಿ ಪುಣೆಯ ಒಂದು ಹಳೇ ಗ್ರಂಥಾಲಯಕ್ಕೆ ಹೋಗಿದ್ದೆವು. ಅವಳಿಗೆ ಬೇಕಿದ್ದದ್ದು 1908ರಲ್ಲಿ ಕೆನಡಿ ಎಂಬ ಪೊಲೀಸ್ ಅಧಿಕಾರಿ ಬರೆದ ಪುಸ್ತಕ. ಮುಂಬೈ ಪ್ರಾಂತದ ಯಾವ ಯಾವ ಜಾತಿ ಕಳ್ಳರದು, ಅವರನ್ನು ಹೇಗೆ ಗುರುತು ಹಿಡಿಯಬೇಕು ಅಂತ ಪೊಲೀಸರಿಗೆ ಹೇಳಿಕೊಡುವ ಪುಸ್ತಕ ಅದು. ಗ್ರಂಥಾಲಯದ ಸೂಚಿ ಕಾರ್ಡಿನಲ್ಲಿ ವಿಷಯ ಅಂತ ಬರೆದಿದ್ದದ್ದು 'ಗುನ್ಹೇಗಾರ್ ಜಮಾತಿ', ಅಂದರೆ ಅಪರಾಧಿ ಜಾತಿಗಳು.

ಪುಸ್ತಕ ಕೈಗೆ ಬಂತು. ನಮ್ಮವರ ಬಗ್ಗೆ ಇದ್ದ ಪುಟಗಳೇ ಇರಲಿಲ್ಲ. ಯಾರೋ ಬ್ಲೇಡಿನಲ್ಲಿ ಕೊಯ್ದಿದ್ದರು. ಹೊಲಿಗೆಯ ಹತ್ತಿರ ಬೆರಳಗಲ ಕಾಗದ ಉಳಿದಿತ್ತು, ಅದರಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರ ಮಾತ್ರ. ಮಗಳು ಸುಮ್ನೆ ಅದರ ಮೇಲೆ ಬೆರಳಾಡಿಸುತ್ತಾ ಕೂತಳು. ಕೌಂಟರಿನವರು ನೋಡಿ, "ಇನ್ಮೇಲೆ ಇಂಥವನ್ನೆಲ್ಲ ಕಪಾಟಿಗೆ ಹಾಕಿ ಬೀಗ ಹಾಕ್ತೀವಿ, ಯಾಕೆ ಬೇಕು ರಗಳೆ" ಅಂದರು.

ಕೊಯ್ದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಓದಿ ಎಷ್ಟು ಹೊಟ್ಟೆ ಉರಿದಿತ್ತೋ. ಕೌಂಟರಿನವರ ಹೆದರಿಕೆಯೂ ಅರ್ಥವಾಗುತ್ತದೆ. 2004ರ ಜನವರಿ 5ರಂದು ಒಂದು ಪುಸ್ತಕದ ನೆಪದಲ್ಲಿ ಗುಂಪೊಂದು ಹಳೇ ಹಸ್ತಪ್ರತಿ, ಪುಸ್ತಕಗಳನ್ನು ಇಟ್ಟಿರುವ ಇದೇ ಊರಿನ ಭಾಂಡಾರಕರ್ ಸಂಶೋಧನಾ ಸಂಸ್ಥೆಗೆ ನುಗ್ಗಿ ಮಾಡಿದ ಹಾಳನ್ನು ಇಲ್ಲಿ ಯಾರೂ ಮರೆತಿಲ್ಲ.

ಆದರೆ ಆ ಪುಟಗಳು ಹೋದರೆ ನಮ್ಮ ಅಜ್ಜನಿಗೆ ಆದದ್ದಕ್ಕೆ ಸಾಕ್ಷಿ ಎಲ್ಲಿದೆ? ಅಜ್ಜ ಹುಟ್ಟಿದ್ದು ಸೊಲ್ಲಾಪುರದ ಸೆಟ್ಲ್‌ಮೆಂಟಿನಲ್ಲಿ, ಅಂದರೆ ಸರ್ಕಾರ ಇಂಥ ಜಾತಿಯವರನ್ನು ಕೂಡಿಹಾಕಿದ್ದ ವಸತಿಯಲ್ಲಿ, ತಂತಿ ಬೇಲಿಯ ಒಳಗೆ. ದಿನಾ ಹಾಜರಿ ಕೊಡಬೇಕು. ನೆಂಟರ ಮದುವೆಗೆ ಹೋಗಲೂ ಪಾಸು ಬೇಕು. ಅವನು ಏನೂ ಕದ್ದಿರಲಿಲ್ಲ. ಆ ಜಾತಿಯಲ್ಲಿ ಹುಟ್ಟಿದ್ದ, ಅಷ್ಟೇ. ಇಡೀ ಜಾತಿಗಳನ್ನೇ ಹುಟ್ಟು ಅಪರಾಧಿಗಳು ಅಂದ ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರಲ್ಲಿ ಮುಂಬೈ ಪ್ರಾಂತಕ್ಕೂ ಬಂತು. ದೇಶದಲ್ಲೆಲ್ಲ ಅದು ರದ್ದಾಗಲು 1952ರ ಆಗಸ್ಟ್ 31ರವರೆಗೆ ಕಾಯಬೇಕಾಯಿತು. ಇದು ನಮ್ಮವರು ಕಟ್ಟಿದ ಕಥೆಯಲ್ಲ ಅನ್ನುವುದಕ್ಕೆ ಸರ್ಕಾರದವರೇ ಬರೆದ ಆ ಪುಸ್ತಕಕ್ಕಿಂತ ಪುರಾವೆ ಬೇಕಾ?

ಹಾಗಂತ ಅದನ್ನು ಹಾಗೇ ಮಕ್ಕಳ ಕೈಗೆ ಕೊಡುವುದೂ ಸರಿಯಲ್ಲ. ನಿಮ್ಮ ಸರ್ಕಾರ ಮಗಳಿಗೆ ಕೊಟ್ಟ ಪ್ರಮಾಣಪತ್ರದಲ್ಲಿ 'ವಿಮುಕ್ತ ಜಾತಿ' ಅಂತಿದೆ, ಅಂದರೆ ಆ ಕಾಯ್ದೆಯಿಂದ ಬಿಡುಗಡೆಯಾದ ಜಾತಿ. ಗ್ರಂಥಾಲಯದ ಕಾರ್ಡು ಇವತ್ತಿಗೂ 'ಗುನ್ಹೇಗಾರ್' ಅನ್ನುತ್ತಿದೆ. ಪುಸ್ತಕದ ಒಳಗಿನ ಮಾತು ಕೆನಡಿಯದು, ಅದು ಇರಲಿ. ಕಾರ್ಡಿನ ಮಾತು ಗ್ರಂಥಾಲಯದ್ದು, ಅಲ್ವಾ? ಅದನ್ನು ರಾಜ್ಯದ ಎಲ್ಲ ಗ್ರಂಥಾಲಯಗಳಲ್ಲೂ ಬದಲಿಸಲು ಆದೇಶ ಕೊಡಿ. ರಟ್ಟಿನ ಒಳಗಡೆ ಒಂದು ಚೀಟಿ ಅಂಟಿಸಿ. ಇದನ್ನು ಯಾರು ಬರೆದರು, ಯಾಕೆ ಬರೆದರು, ಇದನ್ನು ನಂಬಿ ಯಾರನ್ನು ಬೇಲಿಯೊಳಗೆ ಹಾಕಿದರು ಅಂತ ಅದರಲ್ಲಿರಲಿ. ಅದನ್ನು ಬರೆಯುವಾಗ ಸೊಲ್ಲಾಪುರದ ನಮ್ಮ ಹಿರಿಯರನ್ನು ಕೂರಿಸಿಕೊಳ್ಳಿ. ಮರಾಠಿ, ಕನ್ನಡ ಎರಡರಲ್ಲೂ ಇದ್ದರೆ ಒಳ್ಳೆಯದು. ಕೊಯ್ದ ಪುಟಗಳನ್ನು ಬೇರೆ ಪ್ರತಿಯಿಂದ ಜೆರಾಕ್ಸ್ ತರಿಸಿ ಸೇರಿಸಿ, ಮತ್ತೆ ಬೈಂಡ್ ಮಾಡಿಸಿ.

ಮಗಳು ಪ್ರಾಜೆಕ್ಟು ಕೊಡಲು ಇನ್ನೂ ಎರಡು ತಿಂಗಳಿದೆ. ಅಷ್ಟರೊಳಗೆ ಅವಳು ಆ ಪುಟಗಳನ್ನು ಗ್ರಂಥಾಲಯದ ಮೇಜಿನ ಮೇಲೆಯೇ ಇಟ್ಟುಕೊಂಡು ಓದುವ ಹಾಗೆ ಮಾಡಿಕೊಡಿ.

ಇಂತಿ,
ಒಬ್ಬ ತಂದೆ, ಪುಣೆ